ಕಾರಿನ ಬಾಗಿಲಿಗೊಂದು ಕೊಪ್ಪೆ

ಎರಡು ವರ್ಷದ ಹಿಂದೆ, ಚಿತ್ತಾ ಮಳೆ ಹಿಡಿದ ವಾರದ ಗುರುವಾರ. ಕೊಂಡ್ಲಹಳ್ಳಿಯ ಹೊರಗೆ ಒಂದು ಶೀಟಿನ ಮನೆಯ ಮುಂದೆ ನಾವು ಇಬ್ಬರೇ ಇದ್ದೆವು, ನಾನು ಮತ್ತು ಪಾಲಕ್ಕ. ಪಕ್ಕದಲ್ಲಿ ನನ್ನ ಹದಿನಾಲ್ಕು ವರ್ಷದ ಹಳೆಯ ಕಾರು, ಎಡಗಡೆ ಮುಂದಿನ ಬಾಗಿಲಿನ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಇನ್ನಿಬ್ಬರೂ ಇದ್ದರು ಅನ್ನಬೇಕು, ಆದರೆ ಅವರು ಇದ್ದದ್ದು ದೂರದ ಸಿಂಧನೂರಿನಲ್ಲಿ. ಒಬ್ಬಳು ಪಾಲಕ್ಕನ ಮಗಳು ಶಾರದ, ಇನ್ನೊಂದು ಅವಳ ಮೂರು ದಿನದ ಕೂಸು. ಆ ಕೂಸಿನ ಅಳು ಕೇಳಬೇಕೆಂದು ಪಾಲಕ್ಕ ಸೋಮವಾರದಿಂದ ಕಾದಿದ್ದಳು. ಕೇಳಿಸಬೇಕಾದ ಸ್ಪೀಕರನ್ನು ನಾನು ನನ್ನ ಕೈಯಾರೆ ನೀರಲ್ಲಿ ಮುಳುಗಿಸಿಕೊಂಡು ಬಂದಿದ್ದೆ. ಹೇಗೆ ಅಂತ ಮೊದಲಿನಿಂದ ಹೇಳುತ್ತೇನೆ.

ನಾನು ಚಳ್ಳಕೆರೆಯಲ್ಲಿ ತೂಕದ ಯಂತ್ರ ರಿಪೇರಿ ಮಾಡುವವನು. ಕಿರಾಣಿ ಅಂಗಡಿ, ಶೇಂಗಾ ಮಂಡಿ, ಹಾಲಿನ ಡೈರಿ, ರೇಷ್ಮೆ ನೂಲು ತೂಗುವ ಮನೆ, ಎಲ್ಲಿ ತೂಕ ತಪ್ಪು ತೋರಿಸುತ್ತದೋ ಅಲ್ಲಿಗೆ ಹೋಗುತ್ತೇನೆ. ಗುರುವಾರ ಮೊಳಕಾಲ್ಮೂರು ಲೈನು. ಬೆಳಿಗ್ಗೆ ತಳಕು, ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರಿಗೆ ಹೋಗಿ, ಅಲ್ಲಿನ ಕೆಲಸ ಮುಗಿಸಿ, ವಾಪಸ್ ಬರುವಾಗ ಕೊಂಡ್ಲಹಳ್ಳಿ. ನಮ್ಮ ಸೀಮೆಯಲ್ಲಿ ತೂಕದ ಯಂತ್ರಕ್ಕೆ ಶತ್ರು ಅಂದರೆ ಧೂಳು. ಸಾಸಿವೆ ಕಾಳಿನಷ್ಟು ಸಂದು ಸಿಕ್ಕರೂ ಸಾಕು, ಒಳಗೆ ಹೋಗಿ ಕೂತು ತೂಕ ಕೆಡಿಸಿಬಿಡುತ್ತದೆ. ಹಾಗಾಗಿ ರಿಪೇರಿ ಮುಗಿದ ಮೇಲೆ ಕಂಡ ಕಂಡ ತೂತಿಗೆಲ್ಲ ಸಿಲಿಕಾನ್ ಅಂಟು ಮೆತ್ತಿ ಮುಚ್ಚುವುದು ನನ್ನ ಪದ್ಧತಿ. ಮೂವತ್ತು ವರ್ಷದಿಂದ ಕೈ ಅದಕ್ಕೇ ಒಗ್ಗಿಹೋಗಿದೆ.

ನನ್ನ ಹೆಂಡತಿ ತೀರಿಕೊಂಡು ಆಗ ನಾಲ್ಕು ವರ್ಷ. ನಮಗೆ ಮಕ್ಕಳಿಲ್ಲ. ಅವಳಿದ್ದಾಗ ಗುರುವಾರದ ದಿನ ಬುತ್ತಿ ಕಟ್ಟಿಕೊಂಡು ಜೊತೆಗೇ ಹೊರಟುಬಿಡುತ್ತಿದ್ದಳು. ಚಳ್ಳಕೆರೆ ಬಿಟ್ಟಾಗ ಶುರುವಾದ ಮಾತು ಮೊಳಕಾಲ್ಮೂರಿನಲ್ಲಿ ಗಾಡಿ ನಿಲ್ಲಿಸಿದರೂ ಮುಗಿಯುತ್ತಿರಲಿಲ್ಲ. ಗಾಡಿಯಲ್ಲಿ ರೇಡಿಯೋ ಒಂದು ಇದೆ ಅಂತ ನನಗೆ ನೆನಪಾದದ್ದೇ ಅವಳು ಹೋದ ಮೇಲೆ. ಆ ಖಾಲಿ ಸೀಟು ಪಕ್ಕದಲ್ಲಿಟ್ಟುಕೊಂಡು ಐವತ್ತು ಅರವತ್ತು ಕಿಲೋಮೀಟರು ಸುಮ್ಮನೆ ಓಡಿಸುವುದು ಆಗಲಿಲ್ಲ. ಮುಂದಿನ ಎರಡೂ ಬಾಗಿಲಿಗೆ ತಟ್ಟೆಯಷ್ಟಗಲದ ಸ್ಪೀಕರ್ ಹಾಕಿಸಿದೆ, ಫೋನು ಸೇರಿಸುವ ಬ್ಲೂಟೂತ್ ಸೆಟ್ಟು ಹಾಕಿಸಿದೆ. ಯಾರದ್ದೋ ಭಾಷಣ, ಯಾರದ್ದೋ ಹಾಡು, ಪೇಟೆ ಧಾರಣೆ, ಏನಾದರೊಂದು ಮಾತಾಡುತ್ತಿರಲಿ. ಫೋನು ಬಂದರೂ ಅದರಲ್ಲೇ ಮಾತು. ಆದರೆ ನನಗೆ ಬರುವ ಫೋನುಗಳೆಲ್ಲ ತಕ್ಕಡಿ ಕೆಟ್ಟಿದೆ ಅನ್ನುವವೇ.

ಪಾಲಕ್ಕನ ಪರಿಚಯವಾದದ್ದು ಕೊಂಡ್ಲಹಳ್ಳಿಯ ನರಸಿಂಹಪ್ಪನ ಕಿರಾಣಿ ಅಂಗಡಿಯಲ್ಲಿ. ಅರವತ್ತು ದಾಟಿದ ಹೆಂಗಸು. ಗಂಡ ಕುರಿ ಕಾಯುತ್ತಿದ್ದವನು, ಹಿಂದೆಯೇ ತೀರಿಕೊಂಡಿದ್ದ. ಒಬ್ಬಳೇ ಮಗಳು ಶಾರದ ಸಿಂಧನೂರಿನಲ್ಲಿ ಹಾಸ್ಟೆಲಿನ ಅಡಿಗೆಯವಳು, ಅವಳ ಗಂಡ ಅಲ್ಲೇ ಅಕ್ಕಿ ಗಿರಣಿಯಲ್ಲಿ. ಪಾಲಕ್ಕನಿಗೆ ಕಿವಿ ತೀರಾ ಮಂದ. ಯಾವುದೋ ಶಿಬಿರದಲ್ಲಿ ಕೊಟ್ಟ ಕಿವಿಯ ಯಂತ್ರ ಸದಾ ಕುಯ್ ಅನ್ನುತ್ತದೆ ಅಂತ ಗೋಡೆಯ ಗೂಡಿನಲ್ಲಿಟ್ಟಿದ್ದಳು. ಮಗಳ ಫೋನು ಬಂದರೆ ಅಂಗಡಿಗೆ ಓಡಿ ಬಂದು ನರಸಿಂಹಪ್ಪನ ಕೈಗೆ ಕೊಡುತ್ತಿದ್ದಳು. ಅವನು ಕೇಳಿಸಿಕೊಂಡು ಅವಳ ಕಿವಿಯ ಹತ್ತಿರ ಕೂಗುವುದು, ಅವಳು ಕೂಗಿ ಉತ್ತರ ಹೇಳುವುದು. ಶಾರದಳಿಗೆ ಮೈ ಸರಿಯಿಲ್ಲದ್ದು, ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗದ್ದು, ಗಂಡ ಹೆಂಡಿರ ಮುನಿಸು, ಎಲ್ಲವೂ ಅಂಗಡಿ ಕಟ್ಟೆಯ ಮೇಲೆ ಕೂತವರ ಬಾಯಿಗೆ ಬೀಳುತ್ತಿತ್ತು. ಯಾರೋ ಒಬ್ಬ ನಕ್ಕು ಏನೋ ಅಂದನಂತೆ. ಅವತ್ತಿನಿಂದ ಪಾಲಕ್ಕ ಫೋನು ಹಿಡಿದು ಅಂಗಡಿಗೆ ಬರುವುದನ್ನೇ ಬಿಟ್ಟಳು. ಫೋನು ಬಂದರೆ ಅದರ ಮಿಣುಕು ನೋಡುತ್ತಾ ಕೂರುತ್ತಾಳೆ, ಮಗಳು ಬದುಕಿದ್ದಾಳೆ ಅಂತ ಗೊತ್ತಾದರೆ ಅವಳಿಗೆ ಸಾಕಂತೆ, ಅಂತ ನರಸಿಂಹಪ್ಪನೇ ನನಗೆ ಹೇಳಿದ್ದು.

ಒಂದು ದಿನ ಅವಳು ಬಿ.ಜಿ. ಕೆರೆಗೆ ಮಾತ್ರೆ ತರಲು ಬಿಸಿಲಲ್ಲಿ ನಡೆದು ಹೊರಟಿದ್ದಳು. ಗಾಡಿ ನಿಲ್ಲಿಸಿ ಹತ್ತಿಸಿಕೊಂಡೆ. ದಾರಿಯಲ್ಲಿ ಯಾವನೋ ಮಂಡಿಯವನ ಫೋನು ಬಂತು, ಧ್ವನಿ ಎಂದಿನಂತೆ ಜೋರಾಗಿಯೇ ಇತ್ತು. ಪಾಲಕ್ಕ ಬಾಗಿಲಿಗೆ ಒರಗಿ ಕೂತಿದ್ದವಳು ಚಕ್ಕನೆ ನೆಟ್ಟಗಾದಳು. ಬಾಗಿಲನ್ನು ಮುಟ್ಟಿ ನೋಡಿದಳು. ಬಗ್ಗಿ ಸ್ಪೀಕರಿಗೆ ಕಿವಿ ಕೊಟ್ಟಳು.

"ತಮ್ಮಾ, ಯಾರೋ ತಕ್ಕಡಿ ಕೆಟ್ಟೈತೆ ಅಂತಾ ಅದಾರೆ," ಅಂದಳು.

ನಾನು ಗಾಡಿ ಪಕ್ಕಕ್ಕೆ ಹಾಕಿದೆ. ಅವಳ ಫೋನಿನಿಂದ ಶಾರದಳ ನಂಬರು ತೆಗೆದು ನನ್ನದರಿಂದ ಮಾಡಿದೆ. ಮೂರು ವರ್ಷದ ಮೇಲೆ ತಾಯಿ ಮಗಳು ನಡುವೆ ಯಾರೂ ಕೂಗದೆ ಮಾತಾಡಿದ್ದು ಅವತ್ತು, ಆ ರಸ್ತೆ ಬದಿಯಲ್ಲಿ. ಆಮೇಲೆ ಕಿವಿಗೆ ಸಿಕ್ಕಿಸುವ ವೈರು, ಸಣ್ಣ ಡಬ್ಬಿ ಸ್ಪೀಕರು, ಎಲ್ಲ ತಂದು ನೋಡಿದೆ. ಅವು ಯಾವುವೂ ಅವಳಿಗೆ ಆಗಲಿಲ್ಲ. ಮುಚ್ಚಿದ ಗಾಡಿ ಇರಬೇಕು, ದೊಡ್ಡ ಸ್ಪೀಕರು ಇರಬೇಕು, ಬಾಗಿಲಿನ ಅದುರು ಅವಳ ಕೆನ್ನೆಗೆ ತಾಗಬೇಕು, ಆಗ ಮಾತು ತಿಳಿಯುತ್ತಿತ್ತು.

ಹೀಗೆ ಗುರುವಾರ ಸಂಜೆ ನಾಲ್ಕು ಗಂಟೆ ನಿಗದಿಯಾಯಿತು. ಹಾಸ್ಟೆಲಿನಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದು ರಾತ್ರಿಯ ಅಡಿಗೆಗೆ ಕೂರುವ ಮುಂಚೆ ಶಾರದ ನನ್ನ ನಂಬರಿಗೆ ಮಾಡುತ್ತಿದ್ದಳು. ಮೊದಲೆರಡು ವಾರ ನಾನು ಮರ್ಯಾದೆಗೆ ಕೆಳಗಿಳಿದು ದೂರ ನಿಂತೆ. ಆದರೆ ಫೋನು ಕಟ್ಟಾದರೆ ಮತ್ತೆ ಮಾಡಬೇಕು, ಧ್ವನಿ ಏರಿಸಬೇಕು, ಇಳಿಸಬೇಕು. ಪಾಲಕ್ಕನೇ ಕೂರು ಅಂತ ಕೈ ಮಾಡಿದಳು. ಕೂತೆ. ಅವರ ಮಾತು ಅಂದರೆ ಏನು, ದೊಡ್ಡದೇನಲ್ಲ.

"ಏನೇ ಶಾರ್ದಿ, ಉಂಡ್ಯಾ?"

"ಉಂಡೆ ಕಣವ್ವ. ಅನ್ನ ಸಾರು."

"ಆ ಸೀಮ್ಯಾಗೆ ಬರೇ ಅನ್ನನೇ ಏನೇ? ಅದಕ್ಕೇ ಧ್ವನಿ ಹಂಗೆ ಸೊರಗೈತೆ. ವಾರಕ್ಕೆ ಎರಡು ಸಲನಾದ್ರೂ ಮುದ್ದೆ ಮಾಡ್ಕಂಡು ತಿನ್ನು."

"ನಿನ್ನ ಅಳಿಯ ಮುದ್ದೆ ಮುಟ್ಟಲ್ಲವ್ವ."

"ಅವನಿಗೆ ಯಾವಳು ಮಾಡಿಕ್ಕು ಅಂದ್ಲು?"

ನಾನು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು, ಕೇಳಿಸದವನ ಹಾಗೆ ಎದುರಿನ ಜಾಲಿ ಗಿಡ ನೋಡುತ್ತಾ ಕೂರುತ್ತಿದ್ದೆ. ಅರ್ಧ ಗಂಟೆ ಅಷ್ಟೇ. ಆದರೆ ಸೋಮವಾರ ಬಂದರೆ ಗುರುವಾರಕ್ಕೆ ಇನ್ನೆಷ್ಟು ದಿನ ಅಂತ ನನ್ನ ಮನಸ್ಸು ಎಣಿಸಲು ಶುರು ಮಾಡಿತು. ನಾನು ಪಾಲಕ್ಕನಿಗೆ ಉಪಕಾರ ಮಾಡುತ್ತಿದ್ದೇನೆ ಅಂತ ಕೊಂಡ್ಲಹಳ್ಳಿಯಲ್ಲಿ ಎಲ್ಲರೂ ಅನ್ನುತ್ತಿದ್ದರು. ನಾನು ಬೇಡ ಅನ್ನುತ್ತಿರಲಿಲ್ಲ. ಒಂದು ಮನೆಯ ಮಾತು ಕಿವಿಗೆ ಬೀಳಲಿ ಅಂತ ನಾನೇ ಅವರ ನಡುವೆ ಕೂರುತ್ತಿದ್ದೆ ಅನ್ನುವುದು ನನಗೊಬ್ಬನಿಗೇ ಗೊತ್ತಿತ್ತು.

ಇದೇ ಫೋನಿನಲ್ಲಿ ಶಾರದ ಬಸುರಿ ಅನ್ನುವ ಸುದ್ದಿ ಬಂತು. ಪಾಲಕ್ಕ ಸ್ಪೀಕರಿನ ಜಾಲರಿಯನ್ನು ಕೈಯಿಂದ ಸವರಿದ್ದು ನನ್ನ ಕಣ್ಣಲ್ಲಿ ಹಾಗೇ ಇದೆ. ಮೊದಲ ಹೆರಿಗೆ ತವರಲ್ಲಿ ಆಗಬೇಕು, ಆದರೆ ಕಿವಿ ಕೇಳದ ನಾನು ಒಬ್ಬಳೇ ಹೇಗೆ ಬಾಣಂತಿ ನೋಡಿಕೊಳ್ಳಲಿ, ಅವಳು ಒಳಗಿಂದ ಕರೆದರೆ ನನಗೆ ಗೊತ್ತಾಗುವುದಿಲ್ಲವಲ್ಲ, ಅಂತ ಅವಳೇ ಮಗಳಿಗೆ ಬರಬೇಡ ಅಂದಳು. ಹೆರಿಗೆ ಸಿಂಧನೂರಿನಲ್ಲೇ ಆಯಿತು, ಚಿತ್ತಾ ಮಳೆ ಕೂಡುವ ಸೋಮವಾರ. ಅಳಿಯ ನನಗೆ ಫೋನು ಮಾಡಿದ. ನಾನು ನರಸಿಂಹಪ್ಪನಿಗೆ ಮಾಡಿ, ಹೆಣ್ಣು ಕೂಸು, ಇಬ್ಬರೂ ಆರಾಮ, ಅಂತ ಪಾಲಕ್ಕನ ಮನೆಗೆ ಹೇಳಿ ಕಳಿಸಿದೆ. ವಾಪಸ್ ಅವಳಿಂದ ಒಂದೇ ಮಾತು ಬಂತು. ಗುರುವಾರ ನಾಲ್ಕು ಗಂಟೆಗೆ ಕೂಸು ಅಳುವುದನ್ನು ನನಗೆ ಕೇಳಿಸಬೇಕು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಬೇಸಿಗೆಯಲ್ಲಿ ಕಾರಿನ ಅಡಿಗೆ ಬಗ್ಗಿ ನೋಡಿದಾಗ ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ಎರಡು ಮೂರು ಸಣ್ಣ ಸೀಳು ಕಂಡವು. ಧೂಳು ಇಲ್ಲಿಂದಲೇ ಒಳಗೆ ಹೋಗಿ ಸ್ಪೀಕರು ಹಾಳಾಗುವುದು ಅಂತ ನನ್ನ ತಕ್ಕಡಿ ಬುದ್ಧಿ ಹೇಳಿತು. ಅಂಟು ತಂದು ಒಂದನ್ನೂ ಬಿಡದೆ ಮೆತ್ತಿದೆ. ಗಾಜು ಇಳಿಯುವ ಜಾಗದಲ್ಲಿ ಬಾಗಿಲಿನ ಅಂಚಿಗೆ ಒಂದು ರಬ್ಬರ್ ಪಟ್ಟಿ ಇರುತ್ತದಲ್ಲ, ಬೀಡಿಂಗ್ ಅನ್ನುತ್ತಾರೆ, ಅದು ನಮ್ಮ ಬಿಸಿಲಿಗೆ ಒಣಗಿ ಬಿರಿದು ಗಾಜಿನಿಂದ ದೂರ ಸರಿದಿತ್ತು. ಅದನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಚಳ್ಳಕೆರೆಯವರಾದ ನಾವು ಗಾಡಿ ನಿಲ್ಲಿಸಲು ನೆರಳು ಹುಡುಕುತ್ತೇವೆಯೇ ಹೊರತು ಸೂರು ಹುಡುಕುವುದಿಲ್ಲ. ಮಳೆ ಬರುತ್ತದೆ ಅಂತ ಯಾರಿಗೆ ನೆನಪಿರುತ್ತದೆ.

ಕೂಸು ಹುಟ್ಟಿದ ಮರುದಿನ, ಮಂಗಳವಾರ ಮಧ್ಯಾಹ್ನ ಶುರುವಾದ ಮಳೆ ಬುಧವಾರ ಇಡೀ ದಿನ ಬಿಡಲಿಲ್ಲ. ಗುರುವಾರ ಬೆಳಿಗ್ಗೆ ಗಾಡಿ ತೆಗೆದು ಮೊದಲ ತಿರುವಿನಲ್ಲಿ ಬ್ರೇಕ್ ಹಾಕಿದೆ. ಎರಡೂ ಬಾಗಿಲ ಒಳಗೆ ಗುಳಕ್ ಅಂತ ನೀರು ಅಲ್ಲಾಡಿದ ಸದ್ದು. ರೇಡಿಯೋ ಹಾಕಿದರೆ ಎಡಗಡೆಯದು ಸತ್ತಂತಿತ್ತು. ಬಲಗಡೆಯದರಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಬರೀ ಚಟಪಟ.

ನೇರ ದಾದಾಪೀರನ ಗ್ಯಾರೇಜಿಗೆ ಹೋದೆ. ಅವನು ಗಾಡಿಯ ಕೆಳಗೆ ಬಗ್ಗಿ ಒಂದು ಸೀಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದ. ಬಿಂದಿಗೆ ಬಗ್ಗಿಸಿದಂತೆ ನೀರು ಸುರಿಯಿತು.

"ಅರೆ ಭಾಯ್, ಇದನ್ನ ಯಾರು ಮುಚ್ಚಿದ್ದು?" ಅಂತ ಕೇಳಿದ.

ನಾನೇ ಅಂದೆ.

"ಇದು ತಕ್ಕಡಿ ಅಲ್ಲಣ್ಣ," ಅಂದ ಅವನು, ನಗದೆ. ಬಾಗಿಲೊಳಗೆ ಮಳೆ ನೀರು ಸ್ವಲ್ಪ ಬಂದೇ ಬರುತ್ತದೆ, ಹೊಸ ಗಾಡಿಗೂ ಬರುತ್ತದೆ, ಬಂದದ್ದು ಹೋಗಲಿ ಅಂತಲೇ ಆ ಸೀಳು ಬಿಟ್ಟಿರುತ್ತಾರೆ, ನಿಮ್ಮ ಬೀಡಿಂಗ್ ಸವೆದು ಬರುವ ದಾರಿ ದೊಡ್ಡದಾಗಿದೆ, ಹೋಗುವ ದಾರಿಯನ್ನು ನೀವು ಮುಚ್ಚಿದ್ದೀರಿ, ಅಂತ ವಿವರಿಸಿದ. ಎಡಗಡೆ ಸ್ಪೀಕರಿನ ಕಾಗದ ನೆನೆದು ಅಂಬಲಿಯಾಗಿತ್ತು. ಆ ಅಳತೆಯದು ಚಳ್ಳಕೆರೆಯಲ್ಲಿ ಸಿಗಲಿಲ್ಲ. ಚಿತ್ರದುರ್ಗದಿಂದ ತರಿಸಬೇಕು, ಬೀಡಿಂಗೂ ಅಲ್ಲಿಂದಲೇ, ಶನಿವಾರ ಆಗುತ್ತದೆ ಅಂದ. ನನಗೆ ಶನಿವಾರ ಬೇಕಿರಲಿಲ್ಲ, ನಾಲ್ಕು ಗಂಟೆ ಬೇಕಿತ್ತು. ಅವನು ನಾಲ್ಕೂ ಬಾಗಿಲಿನ ಅಂಟು ಕಿತ್ತು, ಬಲಗಡೆಯ ಸ್ಪೀಕರನ್ನು ಒರೆಸಿ ಒಣಗಿಸಿ, ಪಾಲಕ್ಕ ಕೂರುವ ಎಡಗಡೆಗೆ ಹಾಕಿದ. ಚಟಪಟ ಇದ್ದರೂ ಮಾತು ಬಂತು. ದಾರಿಯಲ್ಲಿ ಮಳೆ ಸಿಕ್ಕರೆ ಮೇಲಿಂದ ಮತ್ತೆ ಅದರ ಮೇಲೇ ಸುರಿಯುತ್ತದೆ, ಏನಾದರೂ ಮರೆ ಮಾಡಿಕೊಳ್ಳಿ, ಅಂದ. ಅಷ್ಟರಲ್ಲಿ ಒಂದು ಲಾರಿ ಬಂತು, ಅವನು ಅತ್ತ ಹೋದ.

ಮರೆ ಮಾಡುವುದನ್ನು ನಾನೇ ಮಾಡಿದೆ. ಪಾಲಿಥಿನ್ ಹಾಳೆಯಿಂದ ಸ್ಪೀಕರಿನ ಬೆನ್ನನ್ನು ಸುತ್ತಲೂ ಸುತ್ತಿ, ಟೇಪು ಬಿಗಿದು, ಗಾಳಿಯೂ ಹೋಗದಂತೆ ಮುಚ್ಚಿದೆ. ಬೈಸಿಕೊಂಡು ಇನ್ನೂ ಅರ್ಧ ದಿನ ಆಗಿರಲಿಲ್ಲ, ಕೈ ಮತ್ತೆ ಅದನ್ನೇ ಮಾಡಿತು. ಮೊಳಕಾಲ್ಮೂರಿನ ಕೆಲಸಗಳಿಗೆಲ್ಲ ನಾಳೆ ಬರುತ್ತೇನೆ ಅಂತ ಹೇಳಿ ಕೊಂಡ್ಲಹಳ್ಳಿಗೆ ಹೊರಟೆ. ತಳಕು ದಾಟುತ್ತಲೇ ಮಳೆ ಹಿಡಿಯಿತು. ಬಿ.ಜಿ. ಕೆರೆ ಹತ್ತಿರ ಬಂದಾಗ ರೇಡಿಯೋದವನ ಮಾತು ಬಾಯಿಗೆ ಬಟ್ಟೆ ತುರುಕಿದ ಹಾಗೆ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

ಮೂರು ಗಂಟೆಗೆ ಪಾಲಕ್ಕನ ಮನೆ ಮುಂದೆ ಇದ್ದೆ. ಗಾಡಿ ಕಂಡು ಅವಳು ಮಳೆಯಲ್ಲೇ ಹೊರಗೆ ಬಂದಳು. ತಲೆಯ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲದ ಕೊಪ್ಪೆ. ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ಮಡಚಿ ತಲೆಗೆ ಹಾಕಿಕೊಂಡರೆ ನೀರು ಬೆನ್ನ ಮೇಲಿಂದ ಜಾರಿ ಹೋಗುತ್ತದೆ. ಕುರಿ ಕಾಯುವವರು ಕಂಬಳಿಯಲ್ಲಿ ಮಾಡಿಕೊಳ್ಳುತ್ತಿದ್ದದ್ದು, ಈಗ ಹೊಲದ ಕೆಲಸದವರೆಲ್ಲ ಚೀಲದಲ್ಲಿ ಮಾಡಿಕೊಳ್ಳುತ್ತಾರೆ. ಅವಳು ಹೊಸ ಸೀರೆ ಉಟ್ಟಿದ್ದಳು.

ಕಿವಿ ಕೇಳದವಳಿಗೆ ಹೇಗೆ ಹೇಳುವುದು. ಸ್ಪೀಕರು ತೋರಿಸಿದೆ, ಆಕಾಶ ತೋರಿಸಿದೆ, ಕೈ ಆಡಿಸಿದೆ. ಅವಳ ಮುಖ ಕಪ್ಪಿಟ್ಟಿತು. ನಾನು ಮಾಡಿನ ಕೆಳಗೆ ಗಾಡಿಯ ಎಡ ಪಕ್ಕ ಬರುವಂತೆ ನಿಲ್ಲಿಸಿ, ಬಾಗಿಲಿನ ಒಳಹೊದಿಕೆ ಬಿಚ್ಚಿ, ಸ್ಪೀಕರು ಈಚೆ ಎಳೆದೆ. ನಾನು ಸುತ್ತಿದ್ದ ಪಾಲಿಥಿನ್ ತುಂಬ ನೀರು. ಮೇಲಿನ ಟೇಪಿನ ಸಂದಿನಿಂದ ಇಳಿದದ್ದು ಕೆಳಗೆ ಹೋಗಲು ದಾರಿಯಿಲ್ಲದೆ ಆಡಿನ ಕೆಚ್ಚಲಿನ ಹಾಗೆ ಜೋತುಬಿದ್ದಿತ್ತು. ಸ್ಪೀಕರು ಅದರಲ್ಲಿ ಮಿಂದು ಕೂತಿತ್ತು.

ಪಾಲಕ್ಕ ಆ ನೀರಿನ ಗಂಟನ್ನು ಬೆರಳಿಂದ ಒತ್ತಿ ನೋಡಿದಳು. ನನ್ನ ಮುಖ ನೋಡಿದಳು. ತಲೆಯ ಮೇಲಿನ ಕೊಪ್ಪೆ ತೆಗೆದು ನನ್ನ ಕಣ್ಣ ಮುಂದೆ ಹಿಡಿದಳು.

"ಇದನ್ನ ತಲಿಗೆ ಹಾಕ್ಕಂತೀವಿ ತಮ್ಮಾ. ಕಾಲಿಗೂ ಸೇರಿಸಿ ಕಟ್ಟಿಕೊಂತೀವೇನು? ಕಟ್ಟಿಕೊಂಡ್ರೆ ಅದ್ರಾಗೇ ಮುಳುಗಿ ಸಾಯ್ತೀವಿ."

ಸ್ಪೀಕರು, ವೈರು ಯಾವುದೂ ಅವಳಿಗೆ ಗೊತ್ತಿಲ್ಲ. ಕೊಪ್ಪೆಯನ್ನು ಸ್ಪೀಕರಿನ ನೆತ್ತಿಗೆ ಇಟ್ಟು, ಕೆಳಗೆ ಬಿಡಿಸಿ ಬಿಟ್ಟು, ಕೈಯಿಂದ ನೀರು ಜಾರಿ ಹೋಗುವುದನ್ನು ತೋರಿಸಿದಳು. ಮೂವತ್ತು ವರ್ಷದ ನನ್ನ ಕಸುಬು ಅಲ್ಲೇ ನಾಚಿ ಕೂತಿತು. ನಾನು ಪಾಲಿಥಿನ್ ಕಿತ್ತು ಎಸೆದೆ.

ಒದ್ದೆ ಸ್ಪೀಕರನ್ನು ಅವಳು ನನ್ನ ಕೈಯಿಂದ ಇಸಕೊಂಡು ಒಳಗೆ ಹೋದಳು. ಒಲೆಯ ಮುಂದೆ ಕೂತು, ಸೆರಗಿನಿಂದ ಒತ್ತಿ ಒತ್ತಿ ನೀರು ತೆಗೆದು, ಬೆಂಕಿಗೆ ಮೊಳದೂರ ಹಿಡಿದು, ರೊಟ್ಟಿ ತಿರುವಿದ ಹಾಗೆ ಹಿಂದೆ ಮುಂದೆ ತಿರುವುತ್ತಾ ಕಾಯಿಸತೊಡಗಿದಳು. ಕಾಗದ ನೆನೆದಿತ್ತು, ಹರಿದಿರಲಿಲ್ಲ. ನಾನು ಹೊರಗೆ ಚೀಲದ ಮೂಲೆ ಕತ್ತರಿಸಿ, ಬಾಗಿಲಿನ ತೂತಿನ ಅಳತೆಗೆ ಕೊಪ್ಪೆ ಮಡಚುತ್ತಾ ನಿಂತೆ.

ನಾಲ್ಕು ಗಂಟೆಗೆ ಸರಿಯಾಗಿ ಫೋನು ಬಂತು. ಕಿವಿಗೆ ಹಿಡಿದೆ.

"ಅಣ್ಣಾ, ಅವ್ವ ಕುಂತ್ಲಾ?" ಶಾರದಳ ಧ್ವನಿ ದಣಿದಿತ್ತು.

ಒಂದು ಅರ್ಧ ಗಂಟೆ ತಡೆಯಮ್ಮ, ಗಾಡಿಗೆ ನೀರು ಬಂದಿದೆ ಅಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. "ಈಗ ಎದ್ದೈತೆ ಅಣ್ಣಾ, ಅಳ್ತಾ ಐತೆ, ಕೇಳಿಸು," ಅಂತ ಫೋನನ್ನು ಕೂಸಿನ ಹತ್ತಿರ ಹಿಡಿದೇಬಿಟ್ಟಳು.

ಕೂಸು ಅಳುತ್ತಿತ್ತು. ಸಣ್ಣ ಧ್ವನಿ, ಆದರೆ ಹಟದ ಧ್ವನಿ, ಉಸಿರು ಕಟ್ಟಿ ಕಟ್ಟಿ ಬಿಡುತ್ತಿತ್ತು. ಬಾಗಿಲ ಆಚೆ ಪಾಲಕ್ಕ ಒಲೆಯ ಮುಂದಿನಿಂದ ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ.

"ಅಳ್ತೈತಾ?" ಅಂತ ಕೇಳಿದಳು.

ತಲೆಯಾಡಿಸಿದೆ. ಅವಳು ಮುಖ ತಿರುಗಿಸಿ ಮತ್ತೆ ಸ್ಪೀಕರು ಕಾಯಿಸತೊಡಗಿದಳು. ಅವಳಿಗೆ ಸೇರಬೇಕಾದ್ದನ್ನು ನಾನು ಅವಳ ಮನೆಯ ಅಂಗಳದಲ್ಲೇ ನಿಂತು ಕದ್ದು ಕೇಳಿದಂತಾಯಿತು. ಫೋನು ಕಟ್ಟು ಮಾಡೋಣ ಅಂದರೆ ಬೆರಳು ಹೋಗಲಿಲ್ಲ, ಅದೂ ನಿಜ. ಅಷ್ಟರಲ್ಲಿ ಅದೇ ಕಟ್ಟಾಯಿತು. ಮತ್ತೆ ಮಾಡಿದರೆ ಹತ್ತಲಿಲ್ಲ. ಮಳೆಗೆ ನೆಟ್‌ವರ್ಕ್ ಹೋಗಿತ್ತು.

ಸ್ಪೀಕರು ಒಣಗಿ ಬರುವ ಹೊತ್ತಿಗೆ ಐದಾಯಿತು. ಕೊಪ್ಪೆಯನ್ನು ಒಳಗಿಂದ ಅದರ ಬೆನ್ನಿಗೆ ಹೊದಿಸಿ, ಮೇಲಿನ ಅಂಚನ್ನು ಸ್ಕ್ರೂಗಳ ಅಡಿ ಸಿಕ್ಕಿಸಿ, ಕೆಳಗೆ ಬಿಟ್ಟೆ. ಒಳಹೊದಿಕೆ ಹಾಕಲು ಸಮಯವಿರಲಿಲ್ಲ. ಪಾಲಕ್ಕ ಹತ್ತಿ ಕೂತಳು, ಬಾಗಿಲು ಮುಚ್ಚಿ ಗಾಜು ಏರಿಸಿದೆ. ಐದೂ ಮುಕ್ಕಾಲಿಗೆ ಲೈನು ಸಿಕ್ಕಿತು. ಚಟಪಟ, ಚಟಪಟ, ಆಮೇಲೆ ಶಾರದ.

"ಅವ್ವಾ."

"ಹೂಂ ಕಣೇ. ಕೂಸು ಎಲ್ಲೈತೆ?"

"ಈಗ ನಿದ್ದೆ ಹತ್ತೈತವ್ವ. ಆಗ್ಲೇ ಒಂದು ಗಂಟೆ ಅತ್ತು ಅತ್ತು ಸುಸ್ತಾಗಿ."

ಪಾಲಕ್ಕ ಸ್ಪೀಕರಿನ ಹತ್ತಿರಕ್ಕೆ ಬಗ್ಗಿದಳು. "ಚಿವುಟೇ," ಅಂದಳು.

"ಅಯ್ಯೋ, ನಾನು ಹೆಂಗವ್ವ ಚಿವುಟ್ಲಿ? ಎಂಟು ವರ್ಷಕ್ಕೆ ಹುಟ್ಟೈತೆ."

"ನಿನ್ನನ್ನ ನಾನು ಚಿವುಟಿದ್ದೆ, ನಿಮ್ಮಪ್ಪ ಹಟ್ಟಿಯಿಂದ ಬಂದಾಗ. ಏನಾಗೈತೆ ನಿನಗೆ?"

ಶಾರದ ನಗುತ್ತಲೇ ಆಗಲ್ಲ ಅಂದಳು. ಹಾಗಾದರೆ ಫೋನು ಅದರ ಮಗ್ಗುಲಲ್ಲಿಟ್ಟು ಹೋಗು, ಅದು ಏಳುವ ತನಕ ಕೂತಿರುತ್ತೇನೆ, ಅಂದಳು ಪಾಲಕ್ಕ. ಶಾರದ ಹಾಗೇ ಇಟ್ಟಳು.

ಆ ಅರ್ಧ ಗಂಟೆಯನ್ನು ಹೇಗೆ ಬರೆಯಲಿ. ಗಾಡಿಯ ಮೇಲೆ ಮಳೆ ಬಡಿಯುತ್ತಿತ್ತು. ಗಾಡಿಯ ನೆತ್ತಿಯ ನೀರು ಎಡಗಡೆ ಗಾಜಿನ ಮೇಲಿಂದ ಹರಿದು ಬಾಗಿಲೊಳಗೆ ಇಳಿಯುವುದು, ಕೊಪ್ಪೆಯ ಮೇಲೆ ತಟತಟ ಬೀಳುವುದು, ಜಾರಿ ಕೆಳಗೆ ಹೋಗಿ ಸೀಳಿನಿಂದ ನೆಲಕ್ಕೆ ಸೇರುವುದು, ಎಲ್ಲ ನನಗೆ ಕೇಳಿಸುತ್ತಿತ್ತು. ಸ್ಪೀಕರಿನಲ್ಲಿ ಆ ದೂರದ ಮನೆಯ ಸದ್ದುಗಳು. ಯಾರೋ ನೀರು ಸುರಿದರು, ಒಂದು ಪಾತ್ರೆ ಬಿತ್ತು, ಗಂಡಸೊಬ್ಬ ಕೆಮ್ಮಿದ. ಪಾಲಕ್ಕನಿಗೆ ಇಷ್ಟು ಸಣ್ಣ ಸದ್ದು ಯಾವುದೂ ಕೇಳಿಸದು. ಅವಳು ಕಣ್ಣು ಮುಚ್ಚಿ, ಬಿಚ್ಚಿದ ಬಾಗಿಲಿಗೆ ಕೆನ್ನೆ ಕೊಟ್ಟು ಕೂತಿದ್ದಳು. ನಾವಿಬ್ಬರೂ ಒಂದೇ ಗಾಡಿಯಲ್ಲಿ, ಬೇರೆಯವರ ಮನೆಯ ಹೊಸ್ತಿಲಲ್ಲಿ ಕೂತವರ ಹಾಗೆ ಇದ್ದೆವು. ಆದರೆ ಅವಳಿಗೆ ಆ ಮನೆ ತನ್ನದು.

ಆಮೇಲೆ ಕೂಸು ಎದ್ದಿತು. ಮೊದಲು ಒಂದು ಮುಲುಕು, ಆಮೇಲೆ ಒಮ್ಮೆಲೇ ಗಂಟಲು ಬಿಟ್ಟಿತು. ನಾನು ಧ್ವನಿಯನ್ನು ಏರುವಷ್ಟು ಏರಿಸಿದೆ. ಬಾಗಿಲು ಅದುರಿತು. ಪಾಲಕ್ಕನ ಬಾಯಿ ತೆರೆದುಕೊಂಡಿತು, ಎರಡೂ ಅಂಗೈ ಸ್ಪೀಕರಿನ ಸುತ್ತ ಹೋದವು, ಕೂಸಿನ ತಲೆ ಹಿಡಿಯುವ ಹಾಗೆ.

"ಕೇಳ್ತು," ಅಂದಳು. "ಕೇಳ್ತು ಕಣೇ ಶಾರ್ದಿ. ಗಂಟ್ಲು ಗಟ್ಟಿ ಐತೆ. ಇನ್ನ ಎತ್ತಿಕ್ಯ, ಹಾಲು ಕೊಡು, ಅಳಿಸಬ್ಯಾಡ."

ನಾನು ಬಾಗಿಲು ತೆಗೆದು ಕೆಳಗಿಳಿದೆ. ಈ ಸಲ ಯಾರೂ ಕೂರು ಅಂತ ಕೈ ಮಾಡಲಿಲ್ಲ. ಮಳೆಯಲ್ಲಿ ಸ್ವಲ್ಪ ಹೊತ್ತು ನಿಂತೆ.

ಮುಂದಿನ ವಾರ ಹೊಸ ಸ್ಪೀಕರು, ಹೊಸ ಬೀಡಿಂಗು ಎರಡೂ ಹಾಕಿಸಿದೆ. ದಾದಾಪೀರ್ ಆ ಚೀಲದ ಕೊಪ್ಪೆ ನೋಡಿ, ಇದನ್ನು ತೆಗೆಯುವುದು ಬೇಡ, ಇನ್ನೊಂದು ಬಾಗಿಲಿಗೂ ಮಾಡಿ, ಅಂದ. ಈಗ ಹಳೆಯ ಗಾಡಿಗಳಿಗೆ ಅವನೇ ಹಾಕಿಕೊಡುತ್ತಾನೆ. ಯಂತ್ರ ಅಂದರೆ ಒಳಗೆ ಏನೂ ಬರದಂತೆ ಮುಚ್ಚುವುದು ಅಂತ ನಾನು ತಿಳಿದಿದ್ದೆ. ಬಂದದ್ದು ಹೋಗಲು ದಾರಿ ಬಿಡಬೇಕು ಅಂತ ನನಗೆ ಕಲಿಸಿದವಳು ಯಾವ ಯಂತ್ರವನ್ನೂ ಬಿಚ್ಚಿದವಳಲ್ಲ. ತೂತು ಕಂಡ ಕಡೆ ಅಂಟಿಗೆ ಕೈ ಹಾಕುವ ಮುಂಚೆ ಈಗಲೂ ಅವಳ ಮುಖ ನೆನಪಾಗುತ್ತದೆ. ಆ ಕೂಸಿನ ಅಳು ಮೊದಲು ಬಿದ್ದದ್ದು ನನ್ನ ಕಿವಿಗೆ ಅನ್ನುವುದೂ ನೆನಪಾಗುತ್ತದೆ, ಸಂತೋಷವೋ ತಪ್ಪೋ ಇವತ್ತಿಗೂ ಗೊತ್ತಾಗಿಲ್ಲ.

ಐದು ತಿಂಗಳಾದ ಮೇಲೆ ಶಾರದ ಮತ್ತೆ ಕೆಲಸಕ್ಕೆ ಹೋಗಬೇಕಾಯಿತು. ಕೂಸು ನೋಡಿಕೊಳ್ಳಲು ಅವ್ವ ಇಲ್ಲೇ ಬಂದಿರಲಿ ಅಂತ ಗಂಡ ಹೆಂಡತಿ ಇಬ್ಬರೂ ಹಟ ಹಿಡಿದರು. ಕೂಸು ಅತ್ತರೆ ನನಗೆ ಕೇಳಿಸುವುದಿಲ್ಲವಲ್ಲ ಅಂತ ಪಾಲಕ್ಕ ಅಂಜಿದಳು. ಅಳಿಯ ಅದಕ್ಕೊಂದು ಉಪಾಯ ಹೇಳಿದ. ಕೂಸನ್ನು ಮಗ್ಗುಲಲ್ಲೇ ಮಲಗಿಸಿಕೋ, ಕೈ ಅದರ ಹೊಟ್ಟೆಯ ಮೇಲಿರಲಿ, ಅತ್ತರೆ ಕೈಗೇ ಗೊತ್ತಾಗುತ್ತದೆ, ಅಂದ. ಒಪ್ಪಿದಳು.

ಅವಳು ಸಿಂಧನೂರಿಗೆ ಹೊರಟದ್ದೂ ಒಂದು ಗುರುವಾರವೇ. ಬಳ್ಳಾರಿ ಬಸ್ಸಿಗೆ ಬಿ.ಜಿ. ಕೆರೆಯ ತನಕ ನಾನೇ ಕರೆದುಕೊಂಡು ಬಂದೆ. ಬಸ್ಸು ತಡವಾಯಿತು. ನಿಲ್ದಾಣದ ಕಟ್ಟೆಯ ಮೇಲೆ ಅವಳು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ನಾನು ಪಕ್ಕದಲ್ಲಿ ಕೂತಿದ್ದೆ. ಉತ್ತರ ಕೇಳಿಸುವುದಿಲ್ಲ ಅಂತ ಅವಳು ಎದುರಿದ್ದವರನ್ನು ಅಷ್ಟಾಗಿ ಏನೂ ಕೇಳುತ್ತಿರಲಿಲ್ಲ. ಅಷ್ಟು ತಿಂಗಳಲ್ಲಿ ನನ್ನ ಬಗ್ಗೆಯೂ ಒಂದು ಮಾತು ಕೇಳಿರಲಿಲ್ಲ. ಅವತ್ತು ಇದ್ದಕ್ಕಿದ್ದಂತೆ ತಿರುಗಿ ನನ್ನ ಮುಖ ನೋಡಿ, "ತಮ್ಮಾ, ನಿನ್ನ ಮನ್ಯಾಗೆ ಎಷ್ಟು ಜನ ಅದೀರಿ?" ಅಂದಳು.

ಬಾಯಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಒಂದು ಬೆರಳು ಎತ್ತಿ ತೋರಿಸಿದೆ.

ಅವಳು ಆ ಬೆರಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಸ್ಸು ಬರುವ ತನಕ ಹಾಗೇ ಕೂತಿದ್ದೆವು. ಬಸ್ಸು ಬಂತು, ಕಂಡಕ್ಟರು ಚೀಲ ಎತ್ತಿಟ್ಟ, ಅವಳು ಬೆರಳು ಬಿಟ್ಟು ಹತ್ತಿದಳು.